ಮನೆಯೆಂಬ ದೇಗುಲದ ಜೀರ್ಣೋದ್ಧಾರ



ಶಿಥಿಲಗೊಂಡ ದೇವಾಲಯವನ್ನು ಮರಳಿ ಎತ್ತಿ ನಿಲ್ಲಿಸುವುದು ಹೊಸದಾಗಿ ದೇವಾಲಯವನ್ನು ಕಟ್ಟಿಸುವುದಕ್ಕಿಂತ ಮಿಗಿಲಾದ ಪುಣ್ಯಕಾರ್ಯವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಆ ಕಾರ್ಯವನ್ನು ಮನಬಂದಂತೆ ಮಾಡುವ ಹಾಗಿಲ್ಲ. ಅದಕ್ಕೆ ಶಾಸ್ತ್ರೋಕ್ತವಾದ ಕ್ರಮವೊಂದುಂಟು. ಗರ್ಭಗೃಹದ ಕಲ್ಲನ್ನು ಕದಲಿಸುವುದಕ್ಕೆ ಮೊದಲು ಆಗಮವನ್ನು ಬಲ್ಲ ಅರ್ಚಕರು ಮೂರ್ತಿಯಲ್ಲಿ ನೆಲೆಸಿರುವ ದೈವಚೈತನ್ಯವನ್ನು ಮಂತ್ರಪೂರ್ವಕವಾಗಿ ನೀರು ತುಂಬಿದ ಕುಂಭಕ್ಕೆ ಬರಮಾಡಿಕೊಳ್ಳುತ್ತಾರೆ. ಇದಕ್ಕೆ ಕಲಾಕರ್ಷಣವೆಂದು ಹೆಸರು. ಕೆಲಸ ನಡೆಯುವಷ್ಟು ಕಾಲವೂ ಪೂಜೆ ನಿಲ್ಲಬಾರದಾದುದರಿಂದ ಬಾಲಾಲಯವೆಂಬ ಚಿಕ್ಕ ಗುಡಿಯನ್ನು ಏರ್ಪಡಿಸಿ ಅಲ್ಲಿ ನಿತ್ಯಾರಾಧನೆಯನ್ನು ನಡೆಸುತ್ತಾರೆ. ಬಿರುಕುಬಿಟ್ಟ ತೊಲೆಯನ್ನೂ ಕುಸಿದ ಕಂಬವನ್ನೂ ತೆಗೆದು ಬೇರೆ ಹಾಕುತ್ತಾರೆ. ಗಟ್ಟಿಯಾಗಿರುವ ಹಳೆಯ ಕಲ್ಲನ್ನು ಎಸೆಯದೆ ಅದರ ಸ್ಥಾನದಲ್ಲಿಯೇ ಉಳಿಸುತ್ತಾರೆ. ಎಲ್ಲವೂ ಸರಿಹೋದ ಬಳಿಕ ಪುನಃಪ್ರತಿಷ್ಠೆ ಮತ್ತು ಕುಂಭಾಭಿಷೇಕ.

ಈ ಕ್ರಮದಲ್ಲಿ ಮೂರು ನಿಯಮಗಳು ಅಡಗಿರುವುದನ್ನು ಭಕ್ತರು ಗಮನಿಸಬೇಕು. ಮೊದಲನೆಯದು, ಚೈತನ್ಯವನ್ನು ಕಾಪಾಡಿಕೊಳ್ಳುವುದು. ಎರಡನೆಯದು, ಪೂಜೆ ಒಂದು ದಿನವೂ ತಪ್ಪದಂತೆ ನೋಡಿಕೊಳ್ಳುವುದು. ಮೂರನೆಯದು, ಮುರಿದಿರುವುದನ್ನು ಮುರಿದಿದೆಯೆಂದು ಒಪ್ಪಿಕೊಂಡು ಬದಲಿಸುವುದು.

ಗುಡಿಯೆಂಬುದು ಊರಿಗೆ ಒಂದೋ ಎರಡೋ ಇರುವುದು. ಆದರೆ ದೇವರು ವಾಸಿಸುವ ಸ್ಥಾನಗಳು ಅಷ್ಟೇ ಅಲ್ಲ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಗುರುವು ವಿದ್ಯಾಭ್ಯಾಸ ಮುಗಿಸಿ ಹೊರಟ ಶಿಷ್ಯನಿಗೆ ತಾಯಿ, ತಂದೆ, ಆಚಾರ್ಯ, ಅತಿಥಿ ಈ ನಾಲ್ವರನ್ನೂ ದೇವರೆಂದು ಭಾವಿಸತಕ್ಕದ್ದೆಂದು ಉಪದೇಶ ಮಾಡುತ್ತಾನೆ. ಈ ನಾಲ್ವರಲ್ಲಿ ಇಬ್ಬರು ಮನೆಯೊಳಗೇ ಇರುವವರು. ಒಬ್ಬನು ಮನೆಯ ಬಾಗಿಲಿಗೆ ಬರುವವನು. ಆದಕಾರಣ ಮನೆಯೂ ದೇಗುಲವೇ ಎಂಬುದರಲ್ಲಿ ಸಂದೇಹವಿಲ್ಲ. ಕಲ್ಲಿನ ಗುಡಿಗೆ ಜೀರ್ಣೋದ್ಧಾರ ಹೇಗೆ ಅಗತ್ಯವೋ ಹಾಗೆಯೇ ಈ ಗುಡಿಗೂ ಅಗತ್ಯ. ಅಜ್ಜ ಅಜ್ಜಿಯರು, ಮಕ್ಕಳು ಸೊಸೆಯರು, ಮೊಮ್ಮಕ್ಕಳು ಕೂಡಿ ಬಾಳುವ ಅವಿಭಕ್ತ ಕುಟುಂಬಗಳು ಎಲ್ಲೆಡೆಯೂ ಸಡಿಲಗೊಳ್ಳುತ್ತಿರುವ ಈ ಕಾಲದಲ್ಲಂತೂ ಅದು ಹೆಚ್ಚು ಅಗತ್ಯ.

ಮನೆಯು ಗಟ್ಟಿಯಾಗಿದೆಯೋ ಶಿಥಿಲವಾಗಿದೆಯೋ ಎಂಬುದನ್ನು ಹಬ್ಬದ ದಿನಗಳಲ್ಲಿ ಅಳೆಯಲಾಗುವುದಿಲ್ಲ. ಸುಗ್ಗಿಯಲ್ಲಿ ಕಣಜ ತುಂಬಿರುವಾಗ ಎಲ್ಲರೂ ಒಳ್ಳೆಯವರೇ. ಬೇಸಿಗೆಯ ಕಡೆಯ ದಿನಗಳು ಬರಬೇಕು. ಆಗ ನಿಜವು ಕಾಣಿಸುತ್ತದೆ. ಬೊಮ್ಮನಹಾಳ್ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಅನಂತಪುರ ಜಿಲ್ಲೆಯಲ್ಲಿ ಇಡೀ ವರ್ಷಕ್ಕೆ ಬೀಳುವ ಸರಾಸರಿ ಮಳೆ ಸುಮಾರು 550 ಮಿಲಿಮೀಟರು ಮಾತ್ರ. ಅದರಲ್ಲಿ ಹೆಚ್ಚಿನ ಭಾಗವು ಮುಂಗಾರಿನ ಕೊನೆಗೆ ಬರುವಂಥದು. ವೈಶಾಖ ಕಳೆದು ಜ್ಯೇಷ್ಠವು ಕಾಲಿಡುವಾಗ ಜನ ಎಚ್‌ಎಲ್‌ಸಿ ಎಂದು ಕರೆಯುವ ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಬರಿದಾಗಿರುತ್ತದೆ. ಹಗರಿ ಹೊಳೆಯಲ್ಲಿ ನೀರಿಗಿಂತ ಮರಳೇ ಹೆಚ್ಚು. ಕೃತ್ತಿಕೆಯ ಮಳೆ ಬಂದಿತೋ ಇಲ್ಲವೋ, ರೋಹಿಣಿ ಏನು ಮಾಡುವುದೋ, ಮೃಗಶಿರೆಗೆ ಕೂರಿಗೆ ಕಟ್ಟಲಾದೀತೋ ಎಂದು ಜನ ಪಶ್ಚಿಮದ ಮೋಡವನ್ನು ನೋಡುತ್ತಿರುತ್ತಾರೆ. ಆಷಾಢದ ಗಾಳಿ ಎದ್ದರೆ ದರ್ಗಾ ಹೊನ್ನೂರಿನ ಕಡೆ ಹೊಲಗಳ ಮೇಲೆ ಮರಳು ದಿಬ್ಬವಾಗಿ ಬಂದು ಕೂಡುವುದನ್ನು ಕಾಣದವರಾರು? ಹೋದ ವರ್ಷದ ಕಾಳು ಮುಗಿಯುತ್ತ ಬಂದಿರುತ್ತದೆ, ಮುಂದಿನ ಬೆಳೆ ಇನ್ನೂ ದೇವರ ಕೈಯಲ್ಲಿರುತ್ತದೆ. ಇದ್ದ ಸ್ವಲ್ಪದಲ್ಲಿಯೇ ಹಲವರು ಬದುಕಬೇಕಾದ ಈ ಒಂದು ಒಂದೂವರೆ ತಿಂಗಳೇ ಗೃಹಸ್ಥಾಶ್ರಮದ ನಿಜವಾದ ಪರೀಕ್ಷಾಕಾಲ.

ಈ ಸೀಮೆಯ ಯಾವುದಾದರೊಂದು ಒಕ್ಕಲು ಮನೆಯನ್ನು ಮನಸ್ಸಿಗೆ ತಂದುಕೊಳ್ಳಬಹುದು. ಎಂಬತ್ತು ದಾಟಿದ ತಾತನೊಬ್ಬನು ಕಟ್ಟೆಯ ಮೇಲೆ ಕುಳಿತಿದ್ದಾನೆ. ಇಬ್ಬರು ಗಂಡುಮಕ್ಕಳಲ್ಲಿ ಹಿರಿಯವನು ತಿಪ್ಪೆಯ ಗೊಬ್ಬರವನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದಾನೆ. ಕಿರಿಯವನು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ. ಸೊಸೆಯರು ಕೊಳವೆ ಬಾವಿಯ ನೀರಿಗಾಗಿ ಬೆಳಗಿನ ಜಾವದಿಂದ ಬಿಂದಿಗೆಗಳನ್ನು ಸಾಲಿಗಿಟ್ಟಿದ್ದಾರೆ. ಮಾಳಿಗೆಯ ಮೇಲೆ ಸಂಡಿಗೆ ಒಣಗುತ್ತಿದೆ. ಕಾಗೆ ಕಾಯಲು ಒಬ್ಬ ಹುಡುಗ. ಮದುವೆಯಾಗಿ ಬಳ್ಳಾರಿ ಕಡೆಗೆ ಹೋದ ಮಗಳು ಶಾಲೆಯ ರಜೆಗೆ ಮಕ್ಕಳನ್ನು ಕರೆದುಕೊಂಡು ಬಂದಿದ್ದಾಳೆ. ಮಧ್ಯಾಹ್ನ ಬಿಸಿಲು ಏರಿದಾಗ ಎಲ್ಲರೂ ಬೇವಿನ ನೆರಳಿಗೆ ಬಂದು ಕೂಡುತ್ತಾರೆ. ನಡುವೆ ಕಡಲೆಕಾಯಿಯ ಚೀಲವನ್ನು ಸುರಿದು ಬಿತ್ತನೆಗೆಂದು ಸುಲಿಯಲು ತೊಡಗುತ್ತಾರೆ.

ಜೀರ್ಣೋದ್ಧಾರದ ಮೊದಲನೆಯ ನಿಯಮವಾದ ಚೈತನ್ಯರಕ್ಷಣೆಯು ಇಲ್ಲಿ ಕಣ್ಣಿಗೆ ಕಾಣುವಂತಿದೆ. ಬಿತ್ತನೆಯ ಕಾಯಿಯನ್ನು ಕೈಯಿಂದಲೇ ಸುಲಿಯಬೇಕು. ಬೀಜದ ಮೂತಿ ಮುರಿದರೆ ಅದು ಮೊಳೆಯದು. ಮೇಲಿನ ಕೆಂಪು ಸಿಪ್ಪೆ ಕಿತ್ತುಬಂದರೂ ಕೆಟ್ಟಿತು. ಗಟ್ಟಿಕಾಳು ಒಂದು ಕಡೆಗೆ, ಒಡೆದದ್ದು ಅಡಿಗೆ ಮನೆಗೆ. ತಾತನ ಕಣ್ಣು ಮಂಜಾಗಿದ್ದರೂ ಬೆರಳು ಮರೆತಿಲ್ಲ. ಮುಟ್ಟಿದ ಮಾತ್ರಕ್ಕೆ ಇದು ಬೀಜ, ಇದು ಬೀಜವಲ್ಲ ಎಂದು ಹೇಳಬಲ್ಲನು. ಪಕ್ಕದಲ್ಲಿ ಕುಳಿತ ಆರು ವರ್ಷದ ಮೊಮ್ಮಗುವಿಗೆ ಬಾಯಲ್ಲಿ ನೀರೂರಿ ಎರಡು ಕಾಳು ಬಾಯಿಗೆ ಹಾಕಿಕೊಳ್ಳುತ್ತದೆ. ತಾತನು ಬೈಯುವುದಿಲ್ಲ. “ಇದನ್ನ ಈಗ ತಿಂದರೆ ಒಂದು ಕಾಳು ಕಂದಾ, ಮಣ್ಣಿಗೆ ಕೊಟ್ಟರೆ ಒಂದು ಗಿಡ” ಎನ್ನುತ್ತಾನೆ. ಕಣಜದ ತಳ ಕಾಣುತ್ತಿರುವಾಗಲೂ ಬಿತ್ತನೆಯ ಚೀಲಕ್ಕೆ ಕೈಹಾಕದಿರುವುದು ಒಂದು ವ್ರತವೇ ಸರಿ. ನಾಲ್ಕು ಏಕಾದಶಿಯ ಉಪವಾಸಕ್ಕಿಂತ ಅದು ಕಠಿನವಾದುದು. ಆ ವ್ರತವನ್ನು ಮಗುವಿಗೆ ಯಾವ ಪುಸ್ತಕವೂ ಕಲಿಸಲಿಲ್ಲ. ಮೂರು ತಲೆಮಾರು ಒಂದೇ ನೆರಳಿನಲ್ಲಿ ಕುಳಿತುದರಿಂದ ಅದು ಕೈಯಿಂದ ಕೈಗೆ ಬಂದಿತು. ಹಳೆಯ ಮೂರ್ತಿಯ ಚೈತನ್ಯವು ಕುಂಭದಲ್ಲಿ ನಿಂತು ಕಾಯುವಂತೆ ಹೋದ ವರ್ಷದ ಹೊಲದ ಚೈತನ್ಯವು ಈ ಚೀಲದಲ್ಲಿ ನಿಂತು ಮಳೆಗಾಗಿ ಕಾಯುತ್ತಿದೆ. ಮನೆತನದ ಚೈತನ್ಯವು ಆ ಮಗುವಿನಲ್ಲಿ ಕಾಯುತ್ತಿದೆ. ದೇವರನ್ನು ತಾತ್ಕಾಲಿಕವಾಗಿ ಇರಿಸುವ ಗುಡಿಗೆ ಬಾಲಾಲಯವೆಂಬ ಹೆಸರು ಎಷ್ಟು ಸಾರ್ಥಕವಾಗಿದೆ!

ಒಂದು ತಲೆಮಾರಿನಲ್ಲಿ ಮುಗಿಯದ ಕೆಲಸಗಳು ಲೋಕದಲ್ಲಿ ಅನೇಕವಿವೆ. ಗಂಗಾವತರಣದ ಕಥೆಯನ್ನು ಎಲ್ಲರೂ ಬಲ್ಲರು. ಸಗರ ಚಕ್ರವರ್ತಿಯ ಅರವತ್ತು ಸಾವಿರ ಮಂದಿ ಮಕ್ಕಳು ಕಪಿಲಮಹರ್ಷಿಯ ಕೋಪಾಗ್ನಿಗೆ ಸಿಕ್ಕಿ ಬೂದಿಯಾದರು. ಅವರ ಸದ್ಗತಿಗೆ ಗಂಗೆಯ ನೀರೇ ಬೇಕೆಂದು ಸಗರನ ಮೊಮ್ಮಗನಾದ ಅಂಶುಮಂತನಿಗೆ ತಿಳಿಯಿತು. ಅವನು ತಪಸ್ಸು ಮಾಡಿದನು, ಗಂಗೆ ಬರಲಿಲ್ಲ. ಅವನ ಮಗ ದಿಲೀಪನು ಅದೇ ಚಿಂತೆಯಲ್ಲಿ ರಾಜ್ಯಭಾರ ಮಾಡಿ ತೀರಿಕೊಂಡನು, ಗಂಗೆ ಬರಲಿಲ್ಲ. ದಿಲೀಪನ ಮಗ ಭಗೀರಥನ ಕಾಲಕ್ಕೆ ಗಂಗೆಯು ಶಿವನ ಜಟೆಗೆ ಇಳಿದು ಭೂಮಿಗೆ ಬಂದಳು. ಲೋಕವು ಭಗೀರಥಪ್ರಯತ್ನವೆಂದು ಭಗೀರಥನನ್ನೊಬ್ಬನನ್ನೇ ಕೊಂಡಾಡುತ್ತದೆ. ನೀರನ್ನು ಕಾಣದೆಯೇ ಕಣ್ಣುಮುಚ್ಚಿದ ಅಂಶುಮಂತನನ್ನೂ ದಿಲೀಪನನ್ನೂ ನೆನೆಯುವವರು ಕಡಮೆ. ಆದರೆ ಅವರಿಬ್ಬರು ಆ ಸಂಕಲ್ಪವನ್ನು ಕೈಬಿಟ್ಟಿದ್ದರೆ ಭಗೀರಥನಿಗೆ ಅದು ದೊರೆಯುತ್ತಲೇ ಇರಲಿಲ್ಲ. ಕಟ್ಟೆಯ ಮೇಲೆ ಕುಳಿತ ಪ್ರತಿಯೊಬ್ಬ ತಾತನೂ ಒಬ್ಬ ಅಂಶುಮಂತನೇ. ಅವನು ನೆಟ್ಟ ಹುಣಿಸೆಯ ಹಣ್ಣನ್ನು ಅವನು ತಿನ್ನಲಿಲ್ಲವೆಂದು ಅವನ ಬಾಳು ವ್ಯರ್ಥವಾಗುವುದಿಲ್ಲ.

ಹಳೆಯ ಕಲ್ಲು ಯಾವಾಗ ಬೇಕಾಗುವುದೆಂಬುದನ್ನು ಯಾರೂ ಹೇಳಲಾರರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದುದನ್ನು ಈ ಸೀಮೆಯ ರೈತರು ಮರೆಯಲಾರರು. ತುಂಬಿದ ಜಲಾಶಯದ ನೀರು ಕಣ್ಣೆದುರೇ ಹರಿದುಹೋಗುತ್ತಿದ್ದಾಗ ಕಾಲುವೆಯ ಕೊನೆಯ ಊರಿನವರಿಗೂ ನಿದ್ರೆ ಹತ್ತಲಿಲ್ಲ. ಆಗ ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟನ್ನು ಇಳಿಸುವ ಕಾರ್ಯಕ್ಕೆ ಮಾರ್ಗದರ್ಶನ ಮಾಡಿದವರು ಎಪ್ಪತ್ತು ವರ್ಷ ದಾಟಿದ ನಿವೃತ್ತ ತಜ್ಞರಾದ ಕನ್ನಯ್ಯ ನಾಯ್ಡು ಅವರು. ಸುಮಾರು ಒಂದು ವಾರದೊಳಗೆ ಆ ಕೆಲಸವು ಕೈಗೂಡಿ ಉಳಿದ ನೀರು ಉಳಿಯಿತು. ತರುಣರ ತೋಳಿಗೆ ಮುದುಕರ ತಿಳಿವಳಿಕೆ ಕೂಡಿದಾಗ ಒಡೆದ ಕಟ್ಟೆಯೂ ನಿಲ್ಲುತ್ತದೆಯೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ. ಹೀಗಿದ್ದರೂ ಹೆತ್ತವರನ್ನು ಮಕ್ಕಳು ಪೋಷಿಸಬೇಕೆಂದು 2007ರಲ್ಲಿ ಭಾರತ ಸರಕಾರವು ಕಾಯಿದೆಯನ್ನೇ ಮಾಡಬೇಕಾಗಿ ಬಂದಿತು. ಉಪನಿಷತ್ತು ದೇವರೆಂದು ಕರೆದವರನ್ನು ಕಾಪಾಡಲು ಅಧಿಕಾರಿಯ ಮುಂದೆ ಅರ್ಜಿ ಹಾಕಬೇಕಾದ ಸ್ಥಿತಿಯು ಯಾವ ಮನೆತನಕ್ಕೂ ಶೋಭೆಯಲ್ಲ.

ಇನ್ನು ಎರಡನೆಯ ನಿಯಮ. ಪೂಜೆಯು ನಿಲ್ಲಬಾರದು. ಮನೆಯಲ್ಲಿ ನಿಲ್ಲದೆ ನಡೆಯಬೇಕಾದ ಪೂಜೆ ಯಾವುದು? ದೇವರ ಮುಂದೆ ದೀಪ ಹಚ್ಚುವುದು ಅದರ ಒಂದು ಅಂಗವಷ್ಟೆ. ಧರ್ಮಶಾಸ್ತ್ರಗಳು ಗೃಹಸ್ಥನಿಗೆ ಪಂಚಮಹಾಯಜ್ಞಗಳನ್ನು ವಿಧಿಸಿವೆ. ಓದುವುದು, ಓದಿಸುವುದು ಬ್ರಹ್ಮಯಜ್ಞ. ಹಿರಿಯರನ್ನು ತೃಪ್ತಿಪಡಿಸುವುದು ಪಿತೃಯಜ್ಞ. ದೇವರಿಗೆ ಅರ್ಪಿಸುವುದು ದೇವಯಜ್ಞ. ಪ್ರಾಣಿಪಕ್ಷಿಗಳಿಗೆ ಅನ್ನವಿಡುವುದು ಭೂತಯಜ್ಞ. ಬಂದವರನ್ನು ಉಪಚರಿಸುವುದು ಮನುಷ್ಯಯಜ್ಞ. ಹೆಸರು ಕೇಳಿದರೆ ಇವು ದೊಡ್ಡವರ ಮನೆಯ ಕಾರ್ಯಗಳೆಂದು ತೋರಬಹುದು. ಆದರೆ ಬೇಸಿಗೆಯ ಕೊನೆಯಲ್ಲಿ ಮೇಲೆ ಹೇಳಿದ ಒಕ್ಕಲು ಮನೆಯೊಳಗೆ ಇಣುಕಿದರೆ ಐದೂ ಅಲ್ಲಿಯೇ ಕಾಣುತ್ತವೆ. ಬಿಸಿಲಲ್ಲಿ ಬಂದ ದಾರಿಹೋಕನಿಗೆ ಒಂದು ಚೊಂಬು ಮಜ್ಜಿಗೆ ನೀರು ಕೊಟ್ಟರೆ ಮನುಷ್ಯಯಜ್ಞವಾಯಿತು. ತಮಗೇ ಸಾಲದ ನೀರಿನಲ್ಲಿ ಒಂದು ಬಿಂದಿಗೆಯನ್ನು ಎತ್ತುಗಳ ಬಾನಿಗೆ ಸುರಿದರೆ, ಗುಬ್ಬಿಗೆಂದು ಮಡಕೆಯ ಚೂರಿನಲ್ಲಿ ನೀರಿಟ್ಟರೆ ಭೂತಯಜ್ಞವಾಯಿತು. ಹಲ್ಲಿಲ್ಲದ ಮುತ್ತಜ್ಜಿಗಾಗಿ ರೊಟ್ಟಿಯನ್ನು ಅಂಬಲಿಯಲ್ಲಿ ನೆನೆಸಿ ಕೊಟ್ಟರೆ ಪಿತೃಯಜ್ಞವಾಯಿತು. ತೀರಿಹೋದ ಮೇಲೆ ಇಡುವ ಪಿಂಡಕ್ಕಿಂತ ಬದುಕಿರುವಾಗ ಕೊಡುವ ತುತ್ತು ಮೊದಲು. ಸಂಜೆ ಗುಡಿಗೆ ಒಂದು ಕುಡಿಕೆ ಎಣ್ಣೆ ಕೊಟ್ಟರೆ ದೇವಯಜ್ಞ.

ಬ್ರಹ್ಮಯಜ್ಞವೂ ಅಲ್ಲಿ ನಡೆಯುತ್ತದೆ. ರಾತ್ರಿ ಎಲ್ಲರೂ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗಿರುವಾಗ ಅಜ್ಜಿ ಕನ್ನಡದಲ್ಲಿ ಹೇಳಿದ ರಾಮಾಯಣದ ಕಥೆಯನ್ನು ಮೊಮ್ಮಕ್ಕಳು ತೆಲುಗಿನಲ್ಲಿ ತಮ್ಮ ಗೆಳೆಯರಿಗೆ ಹೇಳುತ್ತಾರೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೂ ಬಳ್ಳಾರಿಯು ಮೈಸೂರಿಗೂ ಸೇರಿದುವು. ಒಂದೇ ದಿನದಲ್ಲಿ ಅತ್ತೆಯ ಮನೆ ಒಂದು ರಾಜ್ಯ, ತವರುಮನೆ ಇನ್ನೊಂದು ರಾಜ್ಯವಾಯಿತು. ಆದರೂ ಹೆಣ್ಣು ಕೊಡುವುದು ನಿಲ್ಲಲಿಲ್ಲ, ತರುವುದು ನಿಲ್ಲಲಿಲ್ಲ. ಶ್ರಾವಣ ಶನಿವಾರ ಮುರಡಿ, ನೇಮಕಲ್ಲು, ಕಸಾಪುರಗಳ ಆಂಜನೇಯಸ್ವಾಮಿಯ ದರ್ಶನಕ್ಕೆ ಎರಡು ಕಡೆಯವರೂ ಕೂಡಿಯೇ ಹೊರಡುತ್ತಾರೆ. ಗಡಿಯು ನೆಲದ ಮೇಲೆ ಹಾದುಹೋಯಿತೇ ಹೊರತು ಒಲೆಯ ಮೇಲೆ ಹಾದುಹೋಗಲಿಲ್ಲ.

ಇದರಿಂದ ತಿಳಿಯತಕ್ಕದ್ದೇನೆಂದರೆ, ಕೂಡುಕುಟುಂಬವೆಂಬುದಕ್ಕೆ ಒಂದೇ ಸೂರು ಎಂಬುದು ಮುಖ್ಯ ಲಕ್ಷಣವಲ್ಲ. ಧಾರವಾಡ ಜಿಲ್ಲೆಯ ಲೋಕೂರಿನಲ್ಲಿ ನೂರಕ್ಕೂ ಮಿಕ್ಕಿದ ಜನ ಒಂದೇ ಮನೆತನವಾಗಿ ಬಾಳಿದುದನ್ನು ಪತ್ರಿಕೆಗಳು ಬಣ್ಣಿಸಿವೆ. ಅದು ಸಂತೋಷದ ಸಂಗತಿಯೇ. ಆದರೆ ಎಲ್ಲರಿಗೂ ಅದು ಸಾಧ್ಯವಿಲ್ಲ, ಸಾಧ್ಯವಾಗಬೇಕೆಂದೂ ಇಲ್ಲ. ಮಳೆ ಕೈಕೊಟ್ಟ ವರ್ಷ ಒಬ್ಬ ಮಗ ಬೆಂಗಳೂರಿಗೆ, ಇನ್ನೊಬ್ಬ ಬಳ್ಳಾರಿಗೋ ರಾಯದುರ್ಗಕ್ಕೋ ಜೀನ್ಸ್ ಬಟ್ಟೆ ಹೊಲಿಯುವ ಕೆಲಸಕ್ಕೆ ಹೋಗುವುದು ಅನಿವಾರ್ಯ. ಹೋದವನನ್ನು ಮನೆ ಬಿಟ್ಟವನೆಂದು ದೂರಬಾರದು. ಗರ್ಭಗುಡಿಯಿಂದ ದೂರವಿದ್ದರೂ ಬಾಲಾಲಯದಲ್ಲಿ ನಡೆಯುವುದು ಅದೇ ದೇವರ ಪೂಜೆಯಲ್ಲವೆ? ಪ್ರತಿ ಸಂಜೆ ಮೊಬೈಲಿನಲ್ಲಿ “ತಾತ ಉಂಡನೇನು? ಮೋಡ ಕಟ್ಟಿದೆಯೇನು?” ಎಂದು ಕೇಳುವ ಮಗನು ದೂರವಿದ್ದರೂ ಮನೆಯೊಳಗೇ ಇದ್ದಾನೆ. ಪಕ್ಕದ ಕೋಣೆಯಲ್ಲಿದ್ದು ಎರಡು ದಿನಕ್ಕೊಮ್ಮೆಯೂ ತಾಯಿಯ ಮುಖ ನೋಡದವನು ಮನೆಯೊಳಗಿದ್ದರೂ ಹೊರಗಿನವನೇ.

ಮೂರನೆಯ ನಿಯಮವು ಎಲ್ಲಕ್ಕಿಂತ ಕಠಿನವಾದುದು. ಗುಡಿಯ ತೊಲೆ ಮುರಿದಿದ್ದರೆ ಅದಕ್ಕೆ ಸುಣ್ಣ ಬಳಿದು ಮುಚ್ಚುವವನು ಜೀರ್ಣೋದ್ಧಾರ ಮಾಡಿದವನಲ್ಲ. ಅವನು ಗುಡಿಗೆ ಬರುವವರ ಪ್ರಾಣಕ್ಕೆ ಅಪಾಯ ತಂದವನು. ಕೂಡುಕುಟುಂಬದ ಹಿರಿಮೆಯನ್ನು ಹೊಗಳುವವರು ಅನೇಕವೇಳೆ ಇಂಥ ಸುಣ್ಣವನ್ನೇ ಬಳಿಯುತ್ತಾರೆ. ಮುರಿದ ತೊಲೆ ಯಾವುದೆಂಬುದನ್ನು ಶಾಸ್ತ್ರವನ್ನೇ ಕೇಳಿ ತಿಳಿಯಬಹುದು.

ಪಂಚಮಹಾಯಜ್ಞಗಳನ್ನು ಏಕೆ ಮಾಡಬೇಕೆಂಬುದಕ್ಕೆ ಮನುಸ್ಮೃತಿಯು ಕಾರಣವನ್ನು ಕೊಟ್ಟಿದೆ. ಗೃಹಸ್ಥನ ಮನೆಯಲ್ಲಿ ಅರಿಯದೆ ಜೀವಹಿಂಸೆಯಾಗುವ ಸ್ಥಾನಗಳು ಐದು: ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು ಒನಕೆ, ನೀರಿನ ಕೊಡ. ಇವುಗಳಿಂದ ಬರುವ ದೋಷಕ್ಕೆ ಪರಿಹಾರವಾಗಿ ಐದು ಯಜ್ಞಗಳು. ಶತಮಾನಗಳಿಂದ ಪುರುಷರು ಇದನ್ನು ಓದುತ್ತ ಬಂದಿದ್ದಾರೆ. ಆದರೆ ಆ ಐದು ವಸ್ತುಗಳೂ ಯಾರ ಕೈಯಲ್ಲಿವೆ ಎಂಬುದನ್ನು ಎಷ್ಟು ಮಂದಿ ಯೋಚಿಸಿದ್ದಾರೆ? ಒಲೆಯ ಮುಂದೆ ಬೇಯುವವಳು ಸ್ತ್ರೀ. ಬೀಸಿದವಳು, ಗುಡಿಸಿದವಳು, ಕುಟ್ಟಿದವಳು, ಬಿಸಿಲಿನಲ್ಲಿ ಕೊಡ ಹೊತ್ತವಳು ಸ್ತ್ರೀ. ಬೀಸುವ ಕಲ್ಲಿನ ಕೆಲಸ ಈಗ ಗಿರಣಿಗೆ ಹೋಗಿರಬಹುದು. ಉಳಿದ ಭಾರ ಇಳಿದಿಲ್ಲ. ಮನೆಯನ್ನು ಹೊತ್ತಿರುವ ಐದು ಕಂಬಗಳೂ ಆಕೆಯ ಕೈಯಲ್ಲಿರುವಾಗ ಯಜ್ಞದ ಯಜಮಾನನೆಂಬ ಹೆಸರು ಮಾತ್ರ ಮತ್ತೊಬ್ಬನದು.

ಬೇಸಿಗೆಯ ಕೊನೆಯಲ್ಲಿ ಮಡಕೆಯ ತಳ ಕಾಣುವಾಗ ಎಷ್ಟೋ ಮನೆಗಳಲ್ಲಿ ಕೇಳಿಬರುವ ಒಂದು ಮಾತುಂಟು. ಎಲ್ಲರಿಗೂ ಬಡಿಸಿದ ಸೊಸೆಯನ್ನು ಅತ್ತೆಯು “ನೀನೂ ಒಂದಿಷ್ಟು ಉಣ್ಣವ್ವಾ” ಎಂದರೆ, ಆಕೆ “ನನಗೆ ಹಸಿವಿಲ್ಲ ಅತ್ತೆ” ಎನ್ನುತ್ತಾಳೆ. ಆ ಮನೆಯಲ್ಲಿ ಆ ದಿನ ನುಡಿದ ಸುಳ್ಳು ಅದೊಂದೇ. ಅದನ್ನು ಆಕೆಯ ತ್ಯಾಗವೆಂದು ಹಾಡಿಹೊಗಳಿ ಸುಮ್ಮನಾಗುವುದು ಸುಲಭ. ಆದರೆ ಒಬ್ಬರ ಹಸಿವಿನ ಮೇಲೆ ನಿಂತ ಒಗ್ಗಟ್ಟು ಒಗ್ಗಟ್ಟಲ್ಲ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿಯೇ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳಿಗೂ ಬಾಲಿಕೆಯರಿಗೂ ರೋಗಿಗಳಿಗೂ ಗರ್ಭಿಣಿಯರಿಗೂ ಅತಿಥಿಗಳಿಗಿಂತ ಮುಂಚೆಯೇ ಊಟವಿಕ್ಕಬೇಕೆಂಬ ವಿಧಿಯುಂಟು. ಎಲ್ಲರೂ ಉಂಡಮೇಲೆ ಉಳಿದುದನ್ನು ಗಂಡಹೆಂಡಿರಿಬ್ಬರೂ ಉಣ್ಣಬೇಕೆಂಬ ವಿಧಿಯೂ ಉಂಟು. ಕಡೆಗೆ ಉಣ್ಣುವ ಧರ್ಮವನ್ನು ಶಾಸ್ತ್ರವು ಇಬ್ಬರಿಗೂ ಹೇಳಿತು. ರೂಢಿಯು ಅದನ್ನು ಒಬ್ಬಳ ತಲೆಯ ಮೇಲೆ ಹೊರಿಸಿತು. ಯಜಮಾನನಾದವನು ಕೈತೊಳೆದು ಏಳುವ ಮೊದಲು “ಅಡಿಗೆ ಮಾಡಿದವಳ ತಟ್ಟೆಯಲ್ಲಿ ಏನಿದೆ?” ಎಂದು ಎದ್ದುಹೋಗಿ ನೋಡಿದರೆ ಅರ್ಧ ಜೀರ್ಣೋದ್ಧಾರವು ಅಂದೇ ಆದಂತೆ.

ಉಳಿದರ್ಧವು ಲೆಕ್ಕಪತ್ರಕ್ಕೆ ಸಂಬಂಧಿಸಿದುದು. ಅವಿಭಕ್ತ ಕುಟುಂಬದ ಆಸ್ತಿಯ ವಿಚಾರದಲ್ಲಿ ಭರತಖಂಡದ ಬಹುಭಾಗಕ್ಕೆ ಪ್ರಮಾಣವಾಗಿ ನಿಂತ ಗ್ರಂಥವು ಕನ್ನಡ ನಾಡಿನಲ್ಲಿಯೇ ಹುಟ್ಟಿದ್ದೆಂಬುದು ಹೆಮ್ಮೆಯ ವಿಷಯ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬುದು ಅದರ ಮುಖ್ಯ ಸಿದ್ಧಾಂತ. ಮನೆಯ ಹಿರಿಯನು ಆಪತ್ಕಾಲಕ್ಕೋ ಕುಟುಂಬದ ಹಿತಕ್ಕೋ ಧರ್ಮಕಾರ್ಯಕ್ಕೋ ಹೊರತು ಸ್ಥಿರಾಸ್ತಿಯನ್ನು ಪರಭಾರೆ ಮಾಡಕೂಡದು. ಅಂದರೆ ಹಿರಿಯನು ಒಡೆಯನಲ್ಲ, ಕಾವಲುಗಾರ. ದೇವಸ್ಥಾನದ ಧರ್ಮಕರ್ತನು ಹುಂಡಿಗೆ ಹೇಗೆ ಒಡೆಯನಲ್ಲವೋ ಹಾಗೆ. ಧರ್ಮಕರ್ತನು ಊರಿನ ಮುಂದೆ ಜಮಾ ಖರ್ಚು ಓದಿ ಹೇಳುವಂತೆ ಮನೆಯ ಹಿರಿಯನೂ ಸಾಲವೆಷ್ಟು, ಬೀಜಕ್ಕೆಷ್ಟು, ಬೆಂಗಳೂರಿನಿಂದ ಬಂದ ದುಡ್ಡೆಷ್ಟು ಎಂಬುದನ್ನು ಎಲ್ಲರ ಮುಂದೆ ಹೇಳಬೇಕು. ಅಣ್ಣತಮ್ಮಂದಿರ ಮನಸ್ಸು ಒಡೆಯುವುದು ಬಡತನದಿಂದಲ್ಲ, ಮುಚ್ಚಿಟ್ಟ ಲೆಕ್ಕದಿಂದ.

ಹುಟ್ಟಿನಿಂದ ಬರುವ ಹಕ್ಕನ್ನು ವಿಜ್ಞಾನೇಶ್ವರನು ಮಗನಿಗೆ ಹೇಳಿದನು. ಮಗಳಿಗೆ ಅದು ದೊರೆಯಲು ಎಂಟುನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಆಂಧ್ರಪ್ರದೇಶವು 1985ರ ಸೆಪ್ಟೆಂಬರ್ 5ರಿಂದ ಅನ್ವಯವಾಗುವಂತೆ, ಆ ವೇಳೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಈ ಹಕ್ಕನ್ನು ಕೊಟ್ಟಿತು. ಕರ್ನಾಟಕವು 1994ರಲ್ಲಿ ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ, ಮದುವೆಯಾದವರು ಆಗದವರೆಂಬ ಭೇದವಿಲ್ಲದೆ ಅದು ಅನ್ವಯವಾಯಿತು. ಮಗನಂತೆಯೇ ಮಗಳಿಗೂ ಇದು ಹುಟ್ಟಿನಿಂದ ಬಂದ ಹಕ್ಕೆಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆದರೂ ಭಾಗಪತ್ರ ಬರೆಯುವ ದಿನ ಅಕ್ಕತಂಗಿಯರಿಗೆ ಸೀರೆ ಕುಪ್ಪಸ ಕೊಟ್ಟು ಹಕ್ಕು ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ನಿಂತಿಲ್ಲ. ಆಕೆ ಮನಸಾರೆ ಬಿಟ್ಟುಕೊಟ್ಟರೆ ಅದು ಆಕೆಯ ಔದಾರ್ಯ. ಬಿಡದಿದ್ದರೆ ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಬಿಟ್ಟುಕೊಟ್ಟರೆ ಅದು ಔದಾರ್ಯವಲ್ಲ.

ಈ ಸೀಮೆಯ ಅನೇಕ ಮನೆಗಳಲ್ಲಿ ತಾತನಿಗೆ ಕನ್ನಡ ಮಾತ್ರ ಓದಲು ಬರುತ್ತದೆ, ಅಡಂಗಲ್ಲು ತೆಲುಗಿನಲ್ಲಿರುತ್ತದೆ. ತೆಲುಗು ಶಾಲೆಯಲ್ಲಿ ಕಲಿತ ಮೊಮ್ಮಗಳು ಅದನ್ನು ಅವನಿಗೆ ಓದಿ ಹೇಳುತ್ತಾಳೆ: ಸರ್ವೆ ನಂಬರು ಇಷ್ಟು, ವಿಸ್ತೀರ್ಣ ಇಷ್ಟು, ಪಟ್ಟಾದಾರರು ಇಂಥಿಂಥವರು ಎಂದು. ಮನೆಯ ಭೂಮಿಯನ್ನು ಮನೆಗೆ ತಿಳಿಯುವಂತೆ ಓದುವವಳು ಆಕೆ. ಆ ಹೆಸರುಗಳ ಸಾಲಿನಲ್ಲಿ ಮುಂದೊಂದು ದಿನ ಆಕೆಯ ಹೆಸರೂ ಇರಬೇಕಾದುದು ನ್ಯಾಯವಲ್ಲವೆ? ಹೀಗೆ ಮಾಡಿದರೆ ಮನೆತನ ಒಡೆದುಹೋಗುತ್ತದೆಂದು ಅಂಜುವವರಿದ್ದಾರೆ. ಗುಡಿಯ ತೊಲೆಯನ್ನು ಬದಲಿಸುವಾಗಲೂ ಮಾಳಿಗೆ ಬಿದ್ದೀತೆಂಬ ಅಂಜಿಕೆ ಇದ್ದೇ ಇರುತ್ತದೆ. ಬಲ್ಲ ಶಿಲ್ಪಿಯು ಮೊದಲು ಆನಿಕೆ ಕೊಟ್ಟ ನಂತರ ಹಳೆಯದನ್ನು ತೆಗೆಯುತ್ತಾನೆ. ಎಲ್ಲರೂ ಒಂದೆಡೆ ಕುಳಿತು ಸಾವಧಾನವಾಗಿ ಮಾತನಾಡುವುದೇ ಮನೆಗೆ ಆನಿಕೆ. ಮಕ್ಕಳೆಲ್ಲರೂ ಊರಿಗೆ ಬಂದಿರುವ, ಹೊಲದಲ್ಲಿ ಕೆಲಸವಿನ್ನೂ ಮೊದಲಾಗದ ಬೇಸಿಗೆಯ ಕೊನೆಯ ದಿನಗಳಿಗಿಂತ ಅದಕ್ಕೆ ಒಳ್ಳೆಯ ಮುಹೂರ್ತವಿಲ್ಲ.

ಗುಡಿಯ ಕೆಲಸಕ್ಕೆ ಹಣ ಕೊಟ್ಟವರು, ಧಾನ್ಯ ಕೊಟ್ಟವರು, ಕಲ್ಲುಮಣ್ಣು ಹೊತ್ತವರು ಎಲ್ಲರೂ ಧನ್ಯರು. ಆ ಪುಣ್ಯವು ಪೂರ್ಣವಾಗಬೇಕಾದರೆ ತಮ್ಮ ತಮ್ಮ ಮನೆಗಳಲ್ಲಿ ಮೂರು ಕಾರ್ಯಗಳನ್ನು ನಡೆಸತಕ್ಕದ್ದು. ಮಳೆ ಬರುವುದಕ್ಕೆ ಮೊದಲು ಒಂದು ಮಧ್ಯಾಹ್ನ ಹಿರಿಯರನ್ನು ನಡುವೆ ಕುಳ್ಳಿರಿಸಿಕೊಂಡು ಮಕ್ಕಳೊಡನೆ ಬೀಜ ಸುಲಿಯುವುದು, ಅವರು ಹೇಳುವುದನ್ನು ಕೇಳುವುದು. ಒಂದು ರಾತ್ರಿ ದಿನವೂ ಕೊನೆಗೆ ಉಣ್ಣುವವಳಿಗೆ ಮೊದಲು ಬಡಿಸುವುದು; ಹಾಗೆ ಒಂದು ರಾತ್ರಿ ಮಾಡಿದವರಿಗೆ ಮರುದಿನ ಹಳೆಯ ರೂಢಿಗೆ ಹೋಗಲು ಮನಸ್ಸು ಬಾರದು. ಒಂದು ದಿನ ಮನೆಯ ಜಮಾ ಖರ್ಚನ್ನು ಹೆಣ್ಣುಮಕ್ಕಳೂ ಕೇಳುವಂತೆ ಗಟ್ಟಿಯಾಗಿ ಓದುವುದು.

ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ ಬಳಿದು ಕರಿ ಹರಿಯುವ ಹೊತ್ತಿಗೆ ಮೃಗಶಿರೆಯ ನಾಲ್ಕು ಹನಿಗಳಾದರೂ ಬಿದ್ದಿರಲಿ. ಬರದಿದ್ದರೆ ಆರಿದ್ರೆಗೆ ಕಾಯುವ ತಾಳ್ಮೆಯನ್ನು ದೇವರು ಕೊಡಲಿ. ಮಳೆಯನ್ನು ಕೊಡುವುದು, ಬಿಡುವುದು ಅವನ ಚಿತ್ತ. ಇದ್ದ ಒಂದು ಬಿಂದಿಗೆ ನೀರನ್ನು, ಇದ್ದ ಒಂದು ಮೊರ ಕಾಳನ್ನು ಸರಿಯಾಗಿ ಹಂಚಿಕೊಳ್ಳುವುದು ಮಾತ್ರ ಮನುಷ್ಯರ ಕೈಯಲ್ಲಿದೆ. ಹಾಗೆ ಹಂಚಿಕೊಂಡ ಮನೆಗಳ ದೀಪದ ಬೆಳಕು ಊರಿನ ಗುಡಿಯ ದೀಪಕ್ಕೆ ಕೂಡಲಿ. ಎಲ್ಲ ಮನೆಗಳಲ್ಲಿಯೂ ಹಿರಿಯರ ಆಶೀರ್ವಾದ, ಮಕ್ಕಳ ನಗು, ತಾಯಂದಿರ ಹೊಟ್ಟೆತುಂಬ ಊಟ ನಿರಂತರವಾಗಿರಲೆಂದು ಸ್ವಾಮಿಯ ಪಾದಾರವಿಂದಗಳಲ್ಲಿ ಪ್ರಾರ್ಥನೆ.

ಶುಭಮಸ್ತು.